ತಂಬೂರಿ ಹಿಡಿದ ಮೂರು ವರ್ಷ

ನನಗೆ ಹಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬಿ.ಎ.ಗೆ ಸಂಗೀತ ಓದಿದವಳು ಎಂದು ತಿಳಿದ ಕೂಡಲೇ ಜನ "ಹಂಗಾರ ಒಂದು ಹಾಡು ಹೇಳ್ರಿ" ಎನ್ನುತ್ತಾರೆ. ಬಸುರಿಯ ಕುಬಸದ ಮನೆಯಲ್ಲಿ ಕೇಳಿದ್ದಾರೆ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ. ಒಮ್ಮೆ ಸವದತ್ತಿಯ ದವಾಖಾನೆಯಲ್ಲಿ ಸರದಿಗೆ ಕುಳಿತಿದ್ದಾಗ ನರ್ಸ್‌ಬಾಯಿಯೊಬ್ಬರು ಇಂಜೆಕ್ಷನ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದರು. ನಾನು ನಕ್ಕು ಮಾತು ತಪ್ಪಿಸುತ್ತೇನೆ. ಹಾಡುಗಾರ್ತಿಯಾಗಲು ನಾನು ಆ ಕಾಲೇಜಿಗೆ ಹೋದವಳೇ ಅಲ್ಲ.

ಪಿಯುಸಿ ಮುಗಿಸಿ ಚಚಡಿಯಿಂದ ಬೈಲಹೊಂಗಲಕ್ಕೆ ಕಾಲೇಜಿಗೆ ಹೆಸರು ಹಚ್ಚಲು ಹೋದ ದಿನ ಅರ್ಜಿಯಲ್ಲಿ ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಎಂದು ಬರೆದಿದ್ದೆ. ಅರ್ಥಶಾಸ್ತ್ರ ಯಾಕೆ ಎಂದರೆ, ಸಾಲಿನಲ್ಲಿ ನನ್ನ ಮುಂದೆ ನಿಂತ ಹುಡುಗಿ ಅದನ್ನೇ ಬರೆದಿದ್ದಳು. ಕಿಟಕಿಯ ಹತ್ತಿರ ಬಿಳಿ ಪೈಜಾಮ, ಖಾದಿ ಅಂಗಿ ತೊಟ್ಟ ಒಬ್ಬರು ನಿಂತು ಬಂದವರ ಅರ್ಜಿಗಳನ್ನೆಲ್ಲ ಇಣುಕಿ ನೋಡುತ್ತಿದ್ದರು. ನನ್ನದನ್ನೂ ನೋಡಿದರು.

"ತಂಗಿ, ಸಂಗೀತ ತಗೋತಿ ಏನು?"

"ನನಗ ಹಾಡಾಕ ಬರಂಗಿಲ್ರಿ ಸರ."

"ಬರಾವ್ರು ಕಾಲೇಜಿಗೆ ಯಾಕ ಬರ್ತಾರ? ಬರದಿದ್ದವ್ರಿಗೇ ಅಲ್ಲೇನು ಕಾಲೇಜು."

ಅವರು ಸಂಗೀತದ ಸರ್. ಸುತ್ತು ಬಳಸದೆ ಹೇಳಿದರು: ಹತ್ತು ವಿದ್ಯಾರ್ಥಿಗಳಾದರೂ ಆಗದಿದ್ದರೆ ಆ ವರ್ಷ ಸಂಗೀತದ ವರ್ಗ ತೆರೆಯುವುದಿಲ್ಲ. ಒಂಬತ್ತು ಹೆಸರು ಬಂದಿವೆ. ನಾಡಿದ್ದು ಕೊನೆಯ ದಿನ. ನಾನು ತಪ್ಪಿಸಿಕೊಳ್ಳಲು "ಮನ್ಯಾಗ ಕೇಳಿ ಹೇಳತೇನ್ರಿ" ಎಂದೆ. ಅವರು ಊರು ಯಾವುದು, ಅಪ್ಪನ ಹೆಸರೇನು ಎಂದು ಕೇಳಿ ಬಸ್ ಟಿಕೀಟಿನ ಹಿಂದೆ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಸರ್ ಅವರ ಮೋಟಾರ್‌ಸೈಕಲ್ ನಮ್ಮ ಅಂಗಳದಲ್ಲಿತ್ತು.

ಅಪ್ಪ ಬಿತ್ತುವ ಕೂರಿಗೆಯ ತಾಳು ಕಟ್ಟುತ್ತ ಕುಳಿತಿದ್ದ. ಕಾಲೇಜಿನವರು ಮನೆಯವರೆಗೆ ಬಂದಿದ್ದಾರೆಂದರೆ ಮಗಳು ಏನೋ ಮಾಡಿ ಬಂದಿದ್ದಾಳೆ ಎಂದು ಅವನ ಮುಖ ಗಟ್ಟಿಯಾಯಿತು. ಸರ್ ಕಟ್ಟೆಯ ಮೇಲೆ ಕುಳಿತು ವಿಷಯ ಹೇಳಿದ ಮೇಲೆ ಇನ್ನೂ ಗಟ್ಟಿಯಾಯಿತು.

"ನಮ್ಮ ಹುಡುಗಿ ಹಾಡಿದ್ದು ನಾ ಒಂದಿನಾನೂ ಕೇಳಿಲ್ರಿ," ಎಂದ. "ಸಂಗೀತ ತಗೊಂಡ್ರ ಡಿಗ್ರಿ ಡಿಗ್ರಿನಾ ಇರತೈತೇನ್ರಿ? ಮುಂದ ಬಿ.ಎಡ್. ಮಾಡಾಕ ಬರತೈತೇನು?"

"ಡಿಗ್ರಿ ಅದಾ ಐತ್ರಿ ಯಜಮಾನ್ರ. ಕನ್ನಡ, ಹಿಸ್ಟರಿ ಹಂಗಾ ಇರತಾವ. ಇಕನಾಮಿಕ್ಸ್ ಜಾಗಾಕ್ಕ ಇದು ಬರತೈತಿ, ಅಷ್ಟ."

ಅಪ್ಪನ ತಾಯಿ, ನಮ್ಮ ಆಯಿ, ಒಳಗಿನಿಂದ ಚಹಾ ತಂದಿಟ್ಟು ಅಲ್ಲೇ ನಿಂತಳು. "ನೀವು ಒಂದೀಟು ಹಾಡ್ರಿ ನೋಡೂನು. ಕಲಸಾವ್ರಿಗೆ ಬರತೈತಿಲ್ಲೋ ನೋಡಬೇಕಲ್ಲ," ಎಂದಳು. ನಾನು ನಾಚಿಕೆಯಿಂದ ಕಂಬದ ಹಿಂದೆ ಸರಿದೆ. ಸರ್ ನಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ಚಹಾದ ಬಸಿ ಕೆಳಗಿಟ್ಟು, ಕಣ್ಣು ಮುಚ್ಚಿ, ಮಾತುಗಳಿಲ್ಲದೆ ಬರೀ ‘ಆ’ಕಾರದಲ್ಲಿ ಒಂದೆರಡು ನಿಮಿಷ ಹಾಡಿದರು. ನಮ್ಮ ಅಂಗಳದಲ್ಲಿ ಅಂಥ ದನಿ ಯಾವತ್ತೂ ಎದ್ದಿರಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತುಬಿಟ್ಟರು.

ಆಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟಳು: "ಗಂಟಲಾ ಛಲೋ ಐತಿ ನಿಮ್ಮದು. ಇಕಿಗೆ ಬಂದದ್ದು ಅವರಪ್ಪನ ಗಂಟಲಾ. ಅದನ್ನೂ ನೋಡಿಕೊಂಡಾ ಕರಕೊಂಡ ಹೋಗ್ರಿ."

ಹೀಗೆ ನಾನು ಹತ್ತನೆಯವಳಾದೆ.

ಸಂಗೀತದ ಕೋಣೆ ಕಾಲೇಜಿನ ಹಿಂಭಾಗದಲ್ಲಿ, ಮಹಡಿಯ ಕೊನೆಗಿತ್ತು. ಬೇರೆ ವರ್ಗಗಳಿಗೆ ತೊಂದರೆಯಾಗದಿರಲೆಂದು ಅಲ್ಲಿ ಹಾಕಿದ್ದರಂತೆ. ಕೆಳಗೆ ಸೈಕಲ್ ನಿಲ್ಲಿಸುವ ತಗಡಿನ ಮಾಡು, ಅದರಾಚೆ ಹತ್ತಿಯ ಹೊಲ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಬೆಂಚಿಲ್ಲ, ನೆಲದ ಮೇಲೆ ನೀಲಿ ಜಮಖಾನೆ. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಡಗ್ಗಾ-ತಬಲಾ. ಇನ್ನೊಂದು ಮೂಲೆಯಲ್ಲಿ ಗೋಡೆಗೆ ಒರಗಿದ ಎರಡು ತಂಬೂರಿ, ಒಂದು ದೊಡ್ಡದು, ಒಂದು ಸಣ್ಣದು. ಎರಡಕ್ಕೂ ಹಳೆಯ ಇಳಕಲ್ ಸೀರೆಯಿಂದ ಹೊಲಿದ ಗವಸು. ಪದವಿಯ ಓದೆಂದರೆ ಕಪ್ಪು ಹಲಗೆ, ನೋಟ್ಸು ಎಂದುಕೊಂಡಿದ್ದ ನನಗೆ ಆ ನೆಲದ ಮೇಲೆ ಕಾಲು ಮಡಚಿ ಕೂಡುವುದೇ ಮೊದಲ ಪಾಠವಾಯಿತು.

ಮೊದಲ ದಿನ ಸರ್ ಒಬ್ಬೊಬ್ಬರಿಂದಲೂ ಬರೀ ‘ಸಾ’ ಹಾಡಿಸಿದರು. ಹುಡುಗರಲ್ಲಿ ಮೂವರು ಊರ ಭಜನೆಯಲ್ಲಿ ಹಾಡಿ ಬಂದವರು, ಅವರ ದನಿ ಕೋಣೆ ತುಂಬಿತು. ನನ್ನ ಪಕ್ಕದಲ್ಲಿದ್ದ ತೆಳ್ಳನೆಯ ಹುಡುಗಿ ಬಾಯಿ ತೆರೆದಾಗಂತೂ ತಂಬೂರಿ ಯಾವುದು, ಅವಳ ದನಿ ಯಾವುದು ಎಂದು ಗೊತ್ತಾಗಲಿಲ್ಲ. ಅವಳಾದ ಮೇಲೆ ನಾನು. ಧೈರ್ಯ ಮಾಡಿ ಜೋರಾಗಿಯೇ ಹಾಡಿದೆ. ಹಿಂದೆ ಕುಳಿತ ಹುಡುಗನೊಬ್ಬ ಕಿಸಕ್ಕೆಂದ. ಸರ್ ಇನ್ನೊಮ್ಮೆ ಎಂದರು. ಹಾಡಿದೆ. ಇನ್ನೊಮ್ಮೆ ಎಂದರು. ನಾಲ್ಕನೆಯ ಸಲಕ್ಕೆ ಕೈಯೆತ್ತಿ ನಿಲ್ಲಿಸಿದರು.

"ದನಿ ಛಲೋ ಐತಿ ತಂಗಿ. ಕಿವಿ ಇನ್ನೂ ತೆರದಿಲ್ಲ. ನೀ ಈಗ ಸದ್ಯ ಹಾಡಬ್ಯಾಡ. ಆ ಸಣ್ಣ ತಂಬೂರಿ ತಗೊಂಡು ಇಲ್ಲಿ ಬಂದು ಕೂಡು."

ಉಳಿದ ಒಂಬತ್ತು ಮಂದಿ ಸಾ ರಿ ಗ ಹೇಳಲು ಶುರುಮಾಡಿದರು. ನಾನು ಅವರಿಗೆ ತಂಬೂರಿ ಮೀಟುತ್ತ ಕುಳಿತೆ. ಹೆಸರು ಕಡಿಮೆ ಬಿತ್ತೆಂದು ಕರೆತಂದು, ಈಗ ಹಾಡಬೇಡ ಎಂದರಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಕಿಟಕಿಗೆ ಮುಖ ಮಾಡಿ ಕುಳಿತಿದ್ದೆ. ಆ ತೆಳ್ಳನೆಯ ಹುಡುಗಿಯೂ ಅದೇ ಬಸ್ಸು ಹತ್ತಿದ್ದಳು. ಬಂದು ಪಕ್ಕದಲ್ಲಿ ಕುಳಿತಳು.

"ಯಾಕ ಅಳ್ಲಿಕ್ಕೆ ಹತ್ತೀ?"

"ನಾಳಿಂದ ಬರಾಂಗಿಲ್ಲ ನಾ. ಇಕನಾಮಿಕ್ಸ್ ತಗೋತೇನಿ."

"ನೀ ಬಿಟ್ರ ಒಂಬತ್ತ ಆಗ್ತೀವಲ್ಲ," ಎಂದಳು ಅವಳು, ನಿಜವಾಗಿಯೂ ಗಾಬರಿಯಾಗಿ. ಅವಳ ಮುಖ ನೋಡಿ ನನಗೆ ಅಳುವಿನ ನಡುವೆಯೂ ನಗು ಬಂತು.

ಅವಳು ಮುರಗೋಡದವಳು. ಅಜ್ಜ ವೇದ ಕಲಿತವರು, ನಾಲ್ಕೂರಿನ ಪೂಜೆ ಪುನಸ್ಕಾರ ಮಾಡಿಸುತ್ತಿದ್ದವರು. ಅಪ್ಪ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಬೆಳಗಾದರೆ ಮಂತ್ರ. "ನಾ ಆಟಾ ಆಡಕೋತ ಹೇಳಿದ್ರೂ ಸ್ವರ ತಪ್ಪಿತಂದ್ರ ಅಜ್ಜ ಊಟಕ್ಕ ಕೂತಲ್ಲಿಂದನ ‘ಹ್ಞೂಂ?’ ಅಂತಿದ್ರು. ಅದ ನನ್ನ ಸಂಗೀತ ಸಾಲಿ," ಎಂದಿದ್ದಳು. ದಿನಾ ಬೆಳಿಗ್ಗೆ ನಾನು ಬರುವ ಬಸ್ಸು ಮುರಗೋಡದಲ್ಲಿ ನಿಲ್ಲುತ್ತಿತ್ತು. ಮರುದಿನದಿಂದ ನಾನು ಅವಳಿಗೊಂದು ಜಾಗ ಹಿಡಿದಿಡತೊಡಗಿದೆ.

ನನ್ನ ಕಿವಿ ತೆರೆಯುವ ಕೆಲಸವನ್ನು ಅವಳು ಬಸ್ಸಿನಲ್ಲೇ ಶುರುಮಾಡಿದಳು. ಚಾಲಕ ಎರಡನೇ ಗೇರಿನಲ್ಲಿ ಏರು ಹತ್ತಿಸುವಾಗ ಇಂಜಿನ್ ಒಂದೇ ಸಮ ಗುಂಯ್‌ಗುಡುತ್ತಿತ್ತು. "ಈಗ ಆ ದನಿಯೊಳಗ ನಿನ್ನ ದನಿ ಕೂಡಸು" ಎನ್ನುತ್ತಿದ್ದಳು. ನಾನು ಬಾಯಿ ಮುಚ್ಚಿ ಹ್ಞೂಂಗುಡುತ್ತಿದ್ದೆ. "ಮ್ಯಾಲೆ ಹೋತು. ಇಳಿ. ಇನ್ನೂ ಇಳಿ. ಹಾಂ, ದಾಟಿದಿ ನೋಡು." ಎದುರಿನ ಸೀಟಿನ ಅಜ್ಜಂದಿರು ತಿರುಗಿ ನೋಡುತ್ತಿದ್ದರು. ಬಹಳ ದಿನ ನನಗೆ ಅವಳು ಹೇಳುವುದೇ ತಿಳಿಯಲಿಲ್ಲ. ಮೇಲೆ ಎಂದರೇನು, ಕೆಳಗೆ ಎಂದರೇನು? ದನಿ ದನಿಯೇ ಅಲ್ಲವೇ?

ಕೋಣೆಯಲ್ಲಿ ನನ್ನ ಕೆಲಸ ಒಂದೇ. ನಡುಬೆರಳಿನಿಂದ ಮೊದಲ ತಂತಿ, ತೋರುಬೆರಳಿನಿಂದ ಉಳಿದ ಮೂರು. ಪಂಚಮ, ಷಡ್ಜ, ಷಡ್ಜ, ಕೆಳಗಿನ ಷಡ್ಜವಾದ ಖರ್ಜ. ಮತ್ತೆ ಪಂಚಮ. ನಡುವೆ ಅವಸರವಿರಬಾರದು, ತಡೆಯೂ ಇರಬಾರದು. ಬೆರಳ ತುದಿ ಮೊದಲು ಕೆಂಪಾಗಿ, ಆಮೇಲೆ ಗುಳ್ಳೆ ಎದ್ದು, ಆಮೇಲೆ ಗಟ್ಟಿಯಾಯಿತು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಆಯಿ ಆ ಬೆರಳು ಹಿಡಿದು ನೋಡಿ "ಕಾಲೇಜಿನ್ಯಾಗ ಕಳೆ ತಗಸಾಕ ಹತ್ತಾರೇನ ನಿನ್ನ ಕಡಿಂದ?" ಎಂದಿದ್ದಳು.

ಸರ್ ದಿನಾ ಕಿತ್ತೂರಿನಿಂದ ಬರುತ್ತಿದ್ದರು. ಬಂದವರೇ ಮೊದಲು ದೊಡ್ಡ ತಂಬೂರಿ, ಆಮೇಲೆ ನನ್ನ ಕೈಯಲ್ಲಿದ್ದ ಸಣ್ಣದು, ಎರಡನ್ನೂ ಶ್ರುತಿ ಮಾಡುತ್ತಿದ್ದರು. ಅವರ ಫೋನಿನಲ್ಲಿಯೂ ತಂಬೂರಿಯ ಆ್ಯಪ್ ಇತ್ತು, ಆದರೆ ಆ ಕೋಣೆಯಲ್ಲಿ ಅದನ್ನು ಹಚ್ಚುತ್ತಿರಲಿಲ್ಲ. ಮೇಲಿನ ಗೂಟ ತಿರುಗಿಸಿ, ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಜರುಗಿಸಿ, ಕೊನೆಗೆ ತಂತಿಯ ಬುಡದಲ್ಲಿ ಹತ್ತಿಯ ಎಳೆಯೊಂದನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಎಳೆ ಸರಿಯಾದ ಜಾಗಕ್ಕೆ ಬಂದಾಗ ತಂತಿ ಒಮ್ಮೆಲೆ ತುಂಬಿ ಝೇಂಕರಿಸುತ್ತಿತ್ತು. ಇದನ್ನು ದಿನಾ ಒಂದು ಮೊಳ ದೂರದಿಂದ ನೋಡುತ್ತ ಕುಳಿತೆ, ಮೊದಲು ಬೇಸರದಿಂದ, ಆಮೇಲೆ ಬೇರೆ ಕೆಲಸವಿಲ್ಲದ್ದರಿಂದ.

ಯಾವ ದಿನ ಎಂದು ನೆನಪಿಲ್ಲ, ದೀಪಾವಳಿಯ ರಜೆ ಮುಗಿದಿತ್ತು. ಸರ್ ಶ್ರುತಿ ಮಾಡುತ್ತಿದ್ದಾಗ ಷಡ್ಜದ ಎರಡು ತಂತಿಗಳ ನಡುವೆ ಒಂದು ಅಲೆ ಕೇಳಿಸಿತು, ವ್ವ ವ್ವ ವ್ವ ಎಂದು. ಅವರು ಮಣಿ ಜರುಗಿಸಿದಂತೆ ಆ ಅಲೆ ನಿಧಾನವಾಗುತ್ತ, ನಿಧಾನವಾಗುತ್ತ ಬಂದು ನಿಂತೇಬಿಟ್ಟಿತು. ಎರಡು ತಂತಿ ಒಂದಾಗಿದ್ದವು. ನನಗೆ ಮೈ ಜುಮ್ಮೆಂದಿತು. ಇಷ್ಟು ದಿನ ಇದು ನನ್ನ ಮುಂದೆಯೇ ನಡೆಯುತ್ತಿತ್ತು, ನಾನು ಕೇಳಿರಲಿಲ್ಲ. ಅವತ್ತು ಬಸ್ಸಿನಲ್ಲಿ ಏರು ಬಂದಾಗ ಗೆಳತಿ ಹೇಳುವ ಮೊದಲೇ ನಾನು ದನಿ ಇಳಿಸಿ ಇಂಜಿನ್ನಿನೊಳಗೆ ಕೂಡಿಸಿದೆ. ಅವಳು ನನ್ನ ತೊಡೆಗೆ ಹೊಡೆದು "ಬಂತಲ್ಲಾ!" ಎಂದು ಕೂಗಿದಳು. ಕಂಡಕ್ಟರ್ "ಯಾವ ಸ್ಟಾಪ್ ಬಂತವಾ?" ಎಂದು ಕೇಳಿದ.

ಎರಡನೇ ಸೆಮಿಸ್ಟರಿನಲ್ಲಿ ಒಂದು ಬೆಳಿಗ್ಗೆ ಸರ್ ಬರುವುದು ತಡವಾಯಿತು. ದಾರಿಯಲ್ಲಿ ಗಾಡಿ ಪಂಕ್ಚರ್ ಆಗಿದೆ, ಕುಳಿತಿರ್ರಿ ಎಂದು ಫೋನು ಬಂತು. ಹುಡುಗರು ಕ್ಯಾಂಟೀನಿಗೆ ಹೋದರು. ನಾನು ಸುಮ್ಮನೆ ಕೈಗೆ ಕೆಲಸವೆಂದು ಸಣ್ಣ ತಂಬೂರಿಯ ಗವಸು ತೆಗೆದೆ. ಚಳಿಗೆ ತಂತಿಗಳು ಏರಿದ್ದವು. ಗೆಳತಿ ಹಾರ್ಮೋನಿಯಂನ ಷಡ್ಜದ ಮನೆ ಒತ್ತಿ ಹಿಡಿದಳು. ನಾನು ಒಂದೊಂದೇ ತಂತಿ ಇಳಿಸುತ್ತ ಬಂದೆ. ಬಹಳ ಹೊತ್ತು ಹಿಡಿಯಿತು. ಒಂದು ಕೂಡಿದರೆ ಇನ್ನೊಂದು ತಪ್ಪುತ್ತಿತ್ತು. ಹತ್ತಿಯ ಎಳೆ ಸರಿಸುವುದಕ್ಕೆ ಉಸಿರು ಹಿಡಿದಿದ್ದೆ. ಕೊನೆಗೆ ನಾಲ್ಕೂ ಕೂಡಿದವು.

ಸರ್ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ನೋಡಲಿಲ್ಲ. ಕೈಗೆಲ್ಲ ಗ್ರೀಸಿತ್ತು. ಒಳಗೆ ಬಂದು, ಜಮಖಾನೆಯ ಮೇಲೆ ತಮ್ಮ ಜಾಗದಲ್ಲಿ ಕುಳಿತು, ತಂಬೂರಿಗೆ ಕೈ ಹಚ್ಚದೆ ನೇರವಾಗಿ ಹಾಡಲು ಶುರುಮಾಡಿದರು. ಅವತ್ತಿನಿಂದ ಶ್ರುತಿ ಮಾಡುವುದು ನನ್ನ ಪಾಲಿಗೆ ಬಂತು, ಮೊದಲು ಸಣ್ಣದರದ್ದು, ಕೆಲವು ತಿಂಗಳ ಮೇಲೆ ದೊಡ್ಡದರದ್ದೂ.

ಆಮೇಲೆ ನನಗೂ ಹಾಡಲು ಅಪ್ಪಣೆ ಸಿಕ್ಕಿತು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. ಮೊದಲು ಬೇಸೂರು ಹಾಡುತ್ತಿದ್ದೆ, ನನಗೆ ಗೊತ್ತಿರಲಿಲ್ಲ. ಈಗಲೂ ಬೇಸೂರೇ ಹಾಡುತ್ತಿದ್ದೆ, ಆದರೆ ಗೊತ್ತಾಗುತ್ತಿತ್ತು. ಒಂದೊಂದು ಸ್ವರ ಜಾರಿದಾಗಲೂ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಸರ್‌ಗೆ ಹೇಳಿದೆ. "ಇನ್ನ ಹೆದರಬ್ಯಾಡ," ಎಂದರು. "ನೋವು ಹತ್ತಿತಂದ್ರ ಮದ್ದು ನೀನಾ ಹುಡುಕತಿ."

ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವ ಹಾಗಿರಲಿಲ್ಲ. ಆಯಿಗೆ ಟಿವಿ, ಅಪ್ಪನಿಗೆ ನಿದ್ದೆ, ಓಣಿಗೆ ನಗು. ಜೋಳದ ತೆನೆಗೆ ಹಾಲು ತುಂಬಿದಾಗ ಬೆಳಿಗ್ಗೆ ಬೇಗ ಹೊಲಕ್ಕೆ ಹೋಗಿ ಹಕ್ಕಿ ಕಾಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಅಟ್ಟಣಿಗೆಯ ಮೇಲೆ ಕುಳಿತು, ಫೋನಿನಲ್ಲಿ ತಂಬೂರಿ ಹಚ್ಚಿ, ಬಿಸಿಲೇರುವ ತನಕ ಪಲ್ಟೆ ಹೇಳುತ್ತಿದ್ದೆ: ಸಾರಿಗ, ರಿಗಮ, ಗಮಪ. ಸುತ್ತ ಬರೀ ತೆನೆಗಳು, ನಾಚಬೇಕಾದವರು ಯಾರೂ ಇಲ್ಲ. ನಾಲ್ಕು ದಿನದ ಮೇಲೆ ಪಕ್ಕದ ಹೊಲದವರು ಅಪ್ಪನಿಗೆ ಹೇಳಿದರಂತೆ, "ನಿಮ್ಮ ಹುಡುಗಿ ಹಾಡಾಕ ಹತ್ತಿದ ಮ್ಯಾಲೆ ನಿಮ್ಮ ಹೊಲಕ್ಕ ಒಂದ ಗುಬ್ಬೀನೂ ಇಳಿಯವಲ್ದು ನೋಡು. ಎಲ್ಲಾ ನಮ್ಮ ಕಡೆ ಬರಾಕ ಹತ್ಯಾವು." ಅಪ್ಪ ಅದನ್ನು ಊಟದ ಹೊತ್ತಿನಲ್ಲಿ ಹೇಳಿ ನಕ್ಕ. ನಾನು ಸಿಟ್ಟಾಗಿ ಎದ್ದುಹೋದೆ. ಮರುದಿನ ನೋಡಿದರೆ ಅಟ್ಟಣಿಗೆಯ ಮೇಲೆ ಹೊಸ ಚಾಪೆ ಹಾಸಿತ್ತು, ಬಿಸಿಲು ಬೀಳುವ ಕಡೆಗೆ ಗೋಣಿ ಚೀಲ ಕಟ್ಟಿತ್ತು. ಅಪ್ಪನೇ ಕಟ್ಟಿದ್ದ.

ಥಿಯರಿ ಮಾತ್ರ ನನಗೆ ಸುಲಭ. ಥಾಟ್, ರಾಗದ ಸಮಯ, ವಾದಿ-ಸಂವಾದಿ, ತಾಳದ ಚಿಹ್ನೆ ಹಾಕಿ ರಾಗದ ಚೀಜು, ಎಂದರೆ ಹಾಡು, ಬರೆಯುವುದು, ಎಲ್ಲ ಇತಿಹಾಸದ ನೋಟ್ಸಿನಂತೆಯೇ ತಲೆಯಲ್ಲಿ ನಿಲ್ಲುತ್ತಿತ್ತು. ಗೆಳತಿಗೆ ಅದೇ ಕಬ್ಬಿಣದ ಕಡಲೆ. ಹಾಡೆಂದರೆ ಗಂಟೆಗಟ್ಟಲೆ ಹಾಡುವಳು, ಬರೆ ಎಂದರೆ ಪೆನ್ನು ಕಚ್ಚುತ್ತ ಕೂಡುವಳು. ಪರೀಕ್ಷೆಯ ಮೊದಲು ಅವಳ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಬಾಯಿಪಾಠ ಮಾಡಿಸುತ್ತಿದ್ದೆ. ಅವಳ ಅಜ್ಜ ಒಳಗಿನಿಂದಲೇ ಕೇಳಿ, "ಆ ಹೊರಗಿನ ಹುಡುಗಿ ಛಂದ ಪಾಠಾ ಹೇಳ್ತದ. ಅದಕ್ಕ ಎರಡು ಉಂಡಿ ಹೆಚ್ಚು ಕೊಡ್ರಿ" ಎಂದಿದ್ದರು.

ಎರಡನೇ ವರ್ಷ ವಿಶ್ವವಿದ್ಯಾಲಯದ ಯುವಜನೋತ್ಸವ ರಾಮದುರ್ಗದಲ್ಲಿ ನಡೆಯಿತು. ನಮ್ಮ ಕಾಲೇಜಿನಿಂದ ಶಾಸ್ತ್ರೀಯ ಗಾಯನಕ್ಕೆ ಗೆಳತಿ, ತಂಬೂರಿಗೆ ನಾನು. ಅಲ್ಲಿ ಕರೆಂಟಿನ ತಂಬೂರಿ ಪೆಟ್ಟಿಗೆ ಇರುತ್ತದೆ ಎಂದು ಹೇಳಿದ್ದರೂ ಸರ್ ಒಪ್ಪಲಿಲ್ಲ, ಸಣ್ಣ ತಂಬೂರಿಯನ್ನೇ ಒಯ್ಯಬೇಕೆಂದರು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿದೆವು. ಮೇಲೆ ಹಾಕುವಂತಿಲ್ಲ, ಕೆಳಗಿಡುವಂತಿಲ್ಲ. ತೊಡೆಯ ಮೇಲೆ ಮಗುವಿನಂತೆ ಹಿಡಿದು ಕುಳಿತೆ. ಪಕ್ಕದ ಮುದುಕಿಯೊಬ್ಬಳು ಗವಸನ್ನು ಮುಟ್ಟಿ ನೋಡಿ, "ಏನವಾ ಇದು? ಕುಂಬಳಕಾಯಿಗೆ ಕುಬಸಾ ಹೊಲಿಸೀರಿ?" ಎಂದಳು. ಗೆಳತಿ ಮುರಗೋಡದಿಂದ ಹೆದರಿಕೊಂಡೇ ಕುಳಿತಿದ್ದಳು. ಆ ಮಾತಿಗೆ ಜೋರಾಗಿ ನಕ್ಕಳು.

ಅವಳ ಸರದಿ ಮಧ್ಯಾಹ್ನ ಬಂತು. ಪೆಂಡಾಲಿನ ಸೆಕೆಗೆ ತಂತಿಗಳು ಇಳಿದಿದ್ದವು. ವೇದಿಕೆಯ ಹಿಂದೆ, ಕೋಲಾಟದ ಹುಡುಗರ ಗದ್ದಲದ ನಡುವೆ ಗೋಡೆಗೆ ಕಿವಿ ಕೊಟ್ಟವಳಂತೆ ತಂಬೂರಿಯ ಬುರುಡೆಗೆ ಕಿವಿ ಹಚ್ಚಿ ಶ್ರುತಿ ಮಾಡಿದೆ. ಅವಳು ಬೃಂದಾವನಿ ಸಾರಂಗ ಹಾಡಿದಳು. ಮೊದಲ ಐದು ನಿಮಿಷ ಪೆಂಡಾಲು ನಿಶ್ಶಬ್ದ. ಅಷ್ಟರಲ್ಲಿ ಮೈಕು ಕಿರ್ರೆಂದು ಚೀರಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಅವಳು ನಿಂತುಬಿಟ್ಟಳು. ಚೀಜಿನ ಶಬ್ದ ಮರೆತುಹೋಗಿತ್ತು. ನಾನು ಹಿಂದೆ ಕುಳಿತಿದ್ದೆ, ಅವಳ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು. ತಬಲಾದವನು ಬರೀ ತಾಳದ ಠೇಕಾ ನುಡಿಸುತ್ತ ಉಳಿದ. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನೇ ಮಾಡುತ್ತ ಹೋದೆ. ಪಂಚಮ, ಷಡ್ಜ, ಷಡ್ಜ, ಖರ್ಜ. ಎಷ್ಟು ಹೊತ್ತು ಹಾಗೆ ಹೋಯಿತೋ. ಅವಳು ತಲೆ ಸ್ವಲ್ಪ ನನ್ನ ಕಡೆಗೆ ವಾಲಿಸಿದಳು. ಕಣ್ಣು ಮುಚ್ಚಿ, ಶಬ್ದ ಬಿಟ್ಟು, ಬರೀ ‘ಆ’ ಎಂದು ಮೇಲಿನ ಷಡ್ಜಕ್ಕೆ ಏರಿ ಅಲ್ಲಿಯೇ ನಿಂತಳು. ಅಲ್ಲಿಂದ ಇಳಿಯುತ್ತ ಬಂದಾಗ ಶಬ್ದಗಳೂ ತಾವಾಗಿಯೇ ಬಂದವು.

ಬಹುಮಾನ ಬರಲಿಲ್ಲ. ನಿಂತದ್ದು ತಪ್ಪೇ ಆಗಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ನಾನು ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ, ಅವಳು ತಂದಿದ್ದ ಮೊಸರನ್ನ ಹಂಚಿಕೊಂಡು ತಿಂದೆವು.

"ನೀ ತಂಬೂರಿ ನಿಲ್ಲಿಸಿದ್ರ ನಾ ಎದ್ದು ಹೋಗಿಬಿಡ್ತಿದ್ದೆ," ಎಂದಳು.

"ನನಗ ನಿಲ್ಲಸಬೇಕನ್ನೂದಾ ಹೊಳೀಲಿಲ್ಲ," ಎಂದೆ. ಅದು ನಿಜವೇ ಆಗಿತ್ತು.

ಮೂರನೆಯ ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಧಾರವಾಡದ ಕಡೆಯಿಂದ ಒಬ್ಬ ಮೇಡಂ ಬಂದಿದ್ದರು. ದಪ್ಪ ಕನ್ನಡಕ, ನಗು ಕಡಿಮೆ. ಅಷ್ಟರಲ್ಲಿ ನಾವು ಹತ್ತು ಮಂದಿ ಏಳಾಗಿದ್ದೆವು. ನಮ್ಮ ನಡುವೆ ಆ ಮೇಡಂ ಬಗ್ಗೆ ಆಗಲೇ ಕಥೆಗಳು ಹುಟ್ಟಿದ್ದವು. ಸರ್ ಕೋಣೆಯ ಹೊರಗೆ ವರಾಂಡದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ನಮಗಿಂತ ಅವರಿಗೇ ಹೆಚ್ಚು ಹೆದರಿಕೆ. ಗೆಳತಿ ಹಾಡಿ ಬಂದಳು, ಅವಳ ಮುಖವೇ ಎಲ್ಲ ಹೇಳುತ್ತಿತ್ತು.

ಆಮೇಲೆ ನಾನು. ಯಾವ ರಾಗ ಎಂದರು. ಬಾಗೇಶ್ರೀ ಎಂದೆ. ಹಾಡುವ ಮೊದಲು ಎದ್ದು ಹೋಗಿ ತಂಬೂರಿಯ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದೆ.

"ಅದನ್ನ ಯಾಕ ಇಳಸಿದಿ?"

"ಬಾಗೇಶ್ರೀಗೆ ಪಂಚಮ ಅಷ್ಟ ಜೋರ ಬ್ಯಾಡ್ರಿ ಮೇಡಂ. ಮಧ್ಯಮ ಇದ್ರ ಹೊಂದತೈತಿ."

ಮೇಡಂ ಕನ್ನಡಕ ಸರಿಮಾಡಿಕೊಂಡರು. ನಾನು ಹಾಡಿದೆ. ಆಲಾಪದ ಎರಡನೆಯ ಸಾಲಿನಲ್ಲೇ ಕೋಮಲ ಗಂಧಾರ ಜಾರಿತು. ಮುಂದುವರಿಸಬಹುದಿತ್ತು. ಎಲ್ಲರೂ ಮುಂದುವರಿಸುತ್ತಾರೆ. ನನ್ನಿಂದ ಆಗಲಿಲ್ಲ, ನಿಂತೆ.

"ತಪ್ಪಾತ್ರಿ ಮೇಡಂ. ಮತ್ತ ಶುರು ಮಾಡಲ್ಯಾ?"

"ಎಲ್ಲಿ ತಪ್ಪಿತು?"

"ಗಂಧಾರ ಏರೀತ್ರಿ."

"ಎಷ್ಟು?"

ಮೊದಲು ತಪ್ಪಿದ್ದನ್ನೇ ಹಾಡಿ ತೋರಿಸಿದೆ, ಆಮೇಲೆ ಸರಿಯಾದದ್ದನ್ನು. ಅವರು ಪೆನ್ನು ಕೆಳಗಿಟ್ಟರು. "ಎಷ್ಟೋ ಮಂದಿ ಛಲೋ ಹಾಡ್ತಾರ," ಎಂದರು ನಿಧಾನವಾಗಿ, "ಆದ್ರ ತಪ್ಪಿದ್ದು ಅವರಿಗೆ ಕೇಳಸೂದಿಲ್ಲ. ಹಾಡು, ಮತ್ತ ಶುರುವಿಂದ ಹಾಡು." ಎರಡನೆಯ ಸಲವೂ ಬಹಳ ಚೆನ್ನಾಗೇನೂ ಹಾಡಲಿಲ್ಲ. ಪಾಸಾದೆ. ಥಿಯರಿಯಲ್ಲಿ ವರ್ಗಕ್ಕೇ ಮೊದಲಿಗಳು, ಪ್ರಾಕ್ಟಿಕಲ್ಲಿನಲ್ಲಿ ನಡುವಿನಲ್ಲೆಲ್ಲೋ. ಅಂಕಪಟ್ಟಿ ನೋಡಿ ಅಪ್ಪ ಕೇಳಿದ್ದು ಒಂದೇ: "ಬಿ.ಎಡ್.ಗೆ ಸಾಕಲ್ಲ?"

ಸಾಕಾಯಿತು. ಈಗ ನಾನು ರಾಮದುರ್ಗದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ, ಇತಿಹಾಸ ಕಲಿಸುತ್ತೇನೆ. ಗೆಳತಿ ಧಾರವಾಡದಲ್ಲಿ ಮುಂದೆ ಓದಿ, ಅಲ್ಲಿಯೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಕಾರ್ಯಕ್ರಮಗಳಲ್ಲಿ ಹಾಡುತ್ತಾಳೆ. ನಮ್ಮ ಕಾಲೇಜಿನ ಸಂಗೀತದ ವರ್ಗ ನಾವು ಹೊರಬಿದ್ದ ಕೆಲವು ವರ್ಷಗಳಲ್ಲಿ ನಿಂತಿತು. ಸರ್ ನಿವೃತ್ತರಾದರು, ಹೊಸ ಹೆಸರುಗಳು ಕೂಡಲಿಲ್ಲ. ಒಮ್ಮೆ ಅಂಕಪಟ್ಟಿಯ ಕೆಲಸಕ್ಕೆ ಹೋದಾಗ ಮಹಡಿ ಹತ್ತಿ ನೋಡಿದೆ. ಆ ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರ್ ಇಟ್ಟಿದ್ದರು. ಹುಡುಗರು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ಆದರೂ ನನ್ನ ಕಾಲು ಬಾಗಿಲಲ್ಲೇ ಚಪ್ಪಲಿ ಕಳಚಿತು. ಕಿಟಕಿಯಾಚೆ ಹತ್ತಿಯ ಹೊಲ ಹಾಗೆಯೇ ಇತ್ತು, ಕಾಯಿ ಒಡೆದಿದ್ದವು.

ಕಳೆದ ದೀಪಾವಳಿಯ ರಜೆಯಲ್ಲಿ ನಾವಿಬ್ಬರೂ ಕಿತ್ತೂರಿಗೆ ಸರ್ ಮನೆಗೆ ಹೋಗಿದ್ದೆವು. ಸರ್ ಸಣ್ಣಗಾಗಿದ್ದರು. ಬಾಗಿಲಲ್ಲೇ "ಬರ್ರಿ ಬರ್ರಿ, ಬೈಲಹೊಂಗಲದ ಯುನಿವರ್ಸಿಟಿ ಬಂತು" ಎಂದು ಹಾಸ್ಯ ಮಾಡಿದರು. ಚಹಾ ಆದ ಮೇಲೆ ತಮ್ಮ ಸ್ವಂತ ತಂಬೂರಿ ನನ್ನ ಮುಂದಿಟ್ಟರು. ನಾನು ಅಭ್ಯಾಸಬಲದಿಂದ ಅವರ ಹಳೆಯ ಶ್ರುತಿಗೇ, ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯಾದ ಕಾಳಿ ಎರಡಕ್ಕೆ, ಕೂಡಿಸಿದೆ. ಅವರು ಷಡ್ಜ ಹಚ್ಚಿದರು. ದನಿ ನಡುಗಿತು. ಕೆಮ್ಮಿ, ಇನ್ನೊಮ್ಮೆ ನೋಡಿ, ಕೈಯಾಡಿಸಿದರು.

"ಇಳಸು ತಂಗಿ. ನನ್ನ ಗಾಡಿ ಈಗ ಬಿಳಿ ಒಂದರ ಮ್ಯಾಲೆ ನಿಂತೈತಿ."

ಗೆಳತಿ ಬೇರೆ ಕಡೆ ನೋಡಿದಳು. ನಾನು ಗೂಟಗಳನ್ನು ಸಡಿಲಿಸಿದೆ. ಅಷ್ಟು ಇಳಿಸಿದಾಗ ತಂತಿ ಸೊರಗುತ್ತದೆ, ಎಳೆಯನ್ನು ಹೊಸದಾಗಿ ಕೂಡಿಸಬೇಕು. ಸಮಯ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ನಾಲ್ಕೂ ತಂತಿ ತುಂಬಿ ಬಂದಾಗ ಸರ್ ಕಣ್ಣು ಮುಚ್ಚಿದರು. ಭೂಪ ಹಾಡಿದರು, ನಮಗೆ ಮೊದಲ ವರ್ಷ ಹೇಳಿಕೊಟ್ಟ ರಾಗ. ದನಿಯಲ್ಲಿ ಮೊದಲಿನ ಬಲವಿರಲಿಲ್ಲ, ಆದರೆ ಪ್ರತಿ ಸ್ವರವೂ ಅದರದರ ಜಾಗದಲ್ಲಿತ್ತು. ಗೆಳತಿ ತನ್ನ ಶ್ರುತಿ ಬಿಟ್ಟು ಅವರ ಷಡ್ಜಕ್ಕೇ ಇಳಿದು ಹಿಂದೆ ದನಿ ಕೂಡಿಸಿದಳು. ನಡುವೆ ಒಂದು ಕಡೆ ಸರ್ ಅವಳನ್ನು ತಡೆದು, "ಅಲ್ಲಿ ಅಷ್ಟ ಅವಸರ ಯಾಕ? ಧೈವತದ ಮ್ಯಾಲೆ ಸ್ವಲ್ಪ ಕೂಡು" ಎಂದರು. ತಾನೇ ಇಪ್ಪತ್ತು ಮಕ್ಕಳಿಗೆ ಕಲಿಸುವ ಅವಳು ಮೊದಲ ವರ್ಷದವಳಂತೆ "ಹೌದ್ರಿ ಸರ" ಎಂದು ಮತ್ತೆ ಹಾಡಿದಳು.

ಆಮೇಲೆ ನನ್ನ ಕಡೆ ತಿರುಗಿ "ಈಗ ನೀ ಹೇಳು" ಎಂದರು. ನಾನು ಬೇಡವೆಂದೆ. "ಇಲ್ಲಿ ಮಾರ್ಕ್ಸ್ ಹಾಕಾವ್ರು ಯಾರದಾರು? ಹೇಳು," ಎಂದರು. ತಂಬೂರಿ ಮೀಟುತ್ತಲೇ ಹಾಡಿದೆ. ಎರಡನೆಯ ಸುತ್ತಿನಲ್ಲಿ ಗಂಧಾರ ಕೊಂಚ ತಪ್ಪಿತು. ಮೂವರಿಗೂ ಕೇಳಿಸಿತು. ಸರ್ ಬೆರಳೆತ್ತಿದರಷ್ಟೇ. ನಾನು ಹಿಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಬಂದೆ.

ಅಡುಗೆಮನೆಯಿಂದ ಸರ್ ಮನೆಯವರು ಅವಲಕ್ಕಿಯ ತಾಟು ಹಿಡಿದು ಬಂದವರು ಬಾಗಿಲ ಮರೆಯಲ್ಲೇ ನಿಂತು, ಹಾಡು ಮುಗಿಯುವ ತನಕ ಕಾದರು. ಆಮೇಲೆ ಒಳಗೆ ಬಂದು ಗೆಳತಿಯನ್ನು ನೋಡಿ, "ಇದೀಗ ಹಾಡಿದಾಕಿ ನೀ ಏನವಾ?" ಎಂದು ಕೇಳಿದರು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಾನು ತಂಬೂರಿಯನ್ನು ಗೋಡೆಗೆ ಒರಗಿಸಿ, ಏಳಲು ಹೋದರೆ, ಕಾಲು ಜೋಮು ಹಿಡಿದಿತ್ತು.